ಮಾಲ್‌ರೊಟೇಷನ್: ಹಸುಗೂಸು ಹಸಿರು ವಾಂತಿ ಮಾಡಿದರೆ

ಹಸುಗೂಸು ಹಾಲು ಕಕ್ಕುವುದು ಮಾಮೂಲು. ತೇಗು ಬರಿಸುವಾಗ ಬಾಯಂಚಿನಲ್ಲಿ ಒಂದಿಷ್ಟು ಒಡೆದ ಹಾಲು ಬಂದರೆ ಗಾಬರಿ ಬೇಡ. ಆದರೆ ವಾಂತಿ ಹಸಿರಾಗಿದ್ದರೆ ಅದು ಬೇರೆಯೇ ವಿಷಯ. ಹಸಿರು ಅಂದರೆ ಪಿತ್ತ. ಪಿತ್ತ ಬಂದು ಸೇರುವುದು ಜಠರ ದಾಟಿದ ಮೇಲೆ, ಸಣ್ಣ ಕರುಳಿನ ಶುರುವಿನಲ್ಲಿ. ಅದು ಬಾಯಿಗೆ ಬರುತ್ತಿದೆ ಅಂದರೆ ಕೆಳಗೆಲ್ಲೋ ದಾರಿ ಕಟ್ಟಿರಬಹುದು. ಕಾರಣಗಳು ಹಲವು, ಆದರೆ ವೈದ್ಯರು ಮೊದಲು ಹೆದರುವುದು ಮಾಲ್‌ರೊಟೇಷನ್‌ಗೆ, ಅಂದರೆ ಗರ್ಭದಲ್ಲಿ ಕರುಳು ಸರಿಯಾಗಿ ತಿರುಗದೆ ಉಳಿಯುವುದಕ್ಕೆ.

ಗರ್ಭದ ಸುಮಾರು 6ನೇ ವಾರದಲ್ಲಿ ಮಗುವಿನ ಕರುಳು ಹೊಟ್ಟೆಯಲ್ಲಿ ಜಾಗ ಸಾಲದೆ ಹೊಕ್ಕುಳಬಳ್ಳಿಯೊಳಕ್ಕೆ ಹೋಗುತ್ತದೆ, ಅಲ್ಲೇ ಬೆಳೆಯುತ್ತಾ ತಿರುಗುತ್ತಾ 10ನೇ ವಾರದ ಹೊತ್ತಿಗೆ ವಾಪಸ್ ಬರಲು ಶುರುಮಾಡುತ್ತದೆ. ಒಟ್ಟು 270 ಡಿಗ್ರಿ ತಿರುಗಿ, ಸಣ್ಣ ಕರುಳಿನ ಮೇಲ್ತುದಿ ಎಡಗಡೆ, ಕೊನೆ ಬಲಗಡೆ ಕೆಳಗೆ ಬಂದು ನಿಲ್ಲಬೇಕು. ಆಗ ಕರುಳನ್ನು ಬೆನ್ನಿನ ಕಡೆಗೆ ಹಿಡಿದಿಡುವ ಪೊರೆಯ ಬುಡ ಅಗಲವಾಗಿರುತ್ತದೆ. ತಿರುಗುವುದು ಅರ್ಧಕ್ಕೇ ನಿಂತರೆ ಆ ಬುಡ ಕಿರಿದಾಗುತ್ತದೆ, ಕರುಳಿಗೆ ಗಟ್ಟಿ ಹಿಡಿತ ಇರುವುದಿಲ್ಲ. ಯಾವತ್ತೋ ಒಂದು ದಿನ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡುಬಿಡಬಹುದು. ಇದೇ ವಾಲ್ವ್ಯುಲಸ್. ರಕ್ತನಾಳವೂ ಜೊತೆಗೇ ತಿರುಚುವುದರಿಂದ ಕೆಲವೇ ಗಂಟೆಗಳಲ್ಲಿ ಕರುಳು ಸತ್ತುಹೋಗಬಹುದು.

ನನಗೆ ಭಯ ಆಗುವುದು ಇಲ್ಲಿ: ಶುರುವಿನಲ್ಲಿ ಮಗು ಚೆನ್ನಾಗಿಯೇ ಕಾಣುತ್ತದೆ. ಅಡ್ಡಿ ಇರುವುದು ಕರುಳಿನ ಮೇಲ್ಭಾಗದಲ್ಲಿ, ಹಾಗಾಗಿ ಹೊಟ್ಟೆ ಉಬ್ಬದೆ ಮೆತ್ತಗೇ ಇರಬಹುದು. ಹುಟ್ಟಿದ ಮೇಲಿನ ಮೊದಲ ಕಪ್ಪು ಮಲವೂ ಸರಿಯಾಗಿಯೇ ಹೋಗಿರಬಹುದು. ಕರುಳು ಸುತ್ತಿಕೊಂಡು ಮತ್ತೆ ತಾನೇ ಬಿಚ್ಚಿಕೊಳ್ಳುತ್ತಿದ್ದರೆ ವಾಂತಿ ಒಂದು ದಿನ ಬಂದು ಇನ್ನೊಂದು ದಿನ ನಿಲ್ಲುತ್ತದೆ. ಕೆಲವು ಕೂಸುಗಳಲ್ಲಿ ಮೊದಲು ಹಳದಿ ವಾಂತಿ, ಇನ್ನು ಕೆಲವರಲ್ಲಿ ಬರೀ ಹಾಲು. ಗ್ಯಾಸ್ ಇರಬೇಕು, ರಿಫ್ಲಕ್ಸ್ (ಕುಡಿದ ಹಾಲು ಜಠರದಿಂದ ಮೇಲಕ್ಕೆ ಬರುವುದು) ಇರಬೇಕು ಅಂತ ಗ್ರೈಪ್ ವಾಟರ್ ಕೊಟ್ಟು ಸುಮ್ನೆ ಕಾಯುವುದು ಇಂಥ ಕಡೆಯೇ ಅಲ್ವಾ? ಹಸಿರು ಕಂಡರೆ ಒಂದೇ ಸಲ ಆದರೂ ಹೊರಡಿ, ಮಧ್ಯರಾತ್ರಿಯಾದರೂ ಸರಿ. ಹಸಿರು ಇಲ್ಲದಿದ್ದರೂ ಮಗು ಪದೇಪದೇ ವಾಂತಿ ಮಾಡಿ, ಹಾಲು ಒಲ್ಲದೆ, ಸುಸ್ತಾಗಿದ್ದರೆ ತೋರಿಸಲೇಬೇಕು. ಹೊಟ್ಟೆ ಉಬ್ಬಿ ಮಲದಲ್ಲಿ ರಕ್ತ ಬರುವ ಹೊತ್ತಿಗೆ ತುಂಬಾ ತಡವಾಗಿರಬಹುದು.

ಸಾದಾ ಎಕ್ಸ್‌ರೇ ನಾರ್ಮಲ್ ಬಂದರೂ ಈ ಅನುಮಾನ ಹೋಗುವುದಿಲ್ಲ. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವ ಹೊಟ್ಟೆಗೆ ಬಿಟ್ಟು, ಅದು ಕರುಳಿನಲ್ಲಿ ಸಾಗುವ ದಾರಿಯನ್ನು ಎಕ್ಸ್‌ರೇಯಲ್ಲಿ ನೋಡುತ್ತಾರೆ. ಅಲ್ಟ್ರಾಸೌಂಡ್‌ನಲ್ಲೂ ಸುಳಿವು ಸಿಗುತ್ತದೆ. ಮಗು ತೀರಾ ಬಳಲಿದ್ದರೆ ನೇರ ಆಪರೇಷನ್ನೇ. ಬಾಸ್ಟನ್ನಿನ ಸರ್ಜನ್ ವಿಲಿಯಂ ಲ್ಯಾಡ್ 1936ರಲ್ಲಿ ವಿವರಿಸಿದ ವಿಧಾನವೇ ಇವತ್ತಿಗೂ ಆಧಾರ: ಸುತ್ತು ಬಿಚ್ಚಿ, ಕರುಳಿಗೆ ಅಡ್ಡ ಬಂದ ಪೊರೆಯ ಪಟ್ಟಿಗಳನ್ನು ಕತ್ತರಿಸಿ, ಪೊರೆಯ ಬುಡ ಅಗಲಿಸಿ, ಸಣ್ಣ ಕರುಳನ್ನು ಬಲಕ್ಕೂ ದೊಡ್ಡ ಕರುಳನ್ನು ಎಡಕ್ಕೂ ಇಡುತ್ತಾರೆ. ಸಮಯಕ್ಕೆ ಆದರೆ ಹೆಚ್ಚಿನ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ.

ಹೋಗುವಾಗ ವಾಂತಿಯಾದ ಬಟ್ಟೆಯನ್ನು ಒಗೆಯದೆ ಜೊತೆಗೆ ಒಯ್ಯಿರಿ, ಅಥವಾ ಫೋಟೋ ತೆಗೆದುಕೊಳ್ಳಿ. ವೈದ್ಯರು ನೋಡುವ ತನಕ ಹಾಲು ಕುಡಿಸಬೇಡಿ. ಮಕ್ಕಳ ಸರ್ಜನ್ ಇರುವ ಆಸ್ಪತ್ರೆ ಯಾವುದು ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.