ಜುಂಯ್ ಅನ್ನುವ ತಂತಿ, ಉಲ್ಟಾ ತಿರುಗಿಸಿದ ನಾನು

ಜೂನ್ ಮಳೆ ಹಿಡಿದ ಮೇಲೆ ನನ್ನ ಎಲೆಕ್ಟ್ರಿಕ್ ಗಿಟಾರ್ ಜುಂಯ್ ಅನ್ನಲು ಶುರು ಮಾಡಿತು. ಅದೂ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ (ತಂತಿ ಒತ್ತುವ ಉದ್ದ ಹಿಡಿ, ಅಂದರೆ ನೆಕ್ ಮೇಲಿನ ಅಡ್ಡ ಲೋಹಪಟ್ಟಿಗಳು) ಮಾತ್ರ. ಹನ್ನೆರಡರ ಆಚೆ ಆ ಜುಂಯ್ ಇಲ್ಲವೇ ಇಲ್ಲ. ಕಾರವಾರದ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಮರದ ನೆಕ್ ಸುಮ್ನೆ ಇರುತ್ತದಾ?

ನೆಕ್ ಒಳಗೆ ಟ್ರಸ್ ರಾಡ್ ಅಂತ ಒಂದು ಕಬ್ಬಿಣದ ಸರಳು ಇರುತ್ತದೆ. ನಾನು ಎಡವಿದ್ದು ಇಲ್ಲೇ. ಫ್ಯಾನ್ ಆಗಲಿ, ಬೈಕ್ ಆಗಲಿ, ಗಲಗಲ ಅಂದರೆ ಏನೋ ಸಡಿಲ ಆಗಿದೆ, ಬಿಗಿ ಮಾಡು ಅಂತ ಕಲಿತವರು ನಾವು. ಆಲನ್ ಕೀ ಹಾಕಿ ಕಾಲು ಸುತ್ತು ಬಿಗಿ ಮಾಡಿದೆ. ಸದ್ದು ಇನ್ನೂ ಜಾಸ್ತಿ ಆಯಿತು!

ಗಾಳದ ಕೋಲು ನೆನಪಿಸಿಕೊಂಡಾಗ ಅರ್ಥವಾಯಿತು. ಮೀನು ದಾರ ಎಳೆದರೆ ಕೋಲು ದಾರದ ಕಡೆಗೇ ಬಾಗುತ್ತದೆ. ಗಿಟಾರ್‌ನಲ್ಲಿ ಎಳೆಯುವುದು ತಂತಿ, ಬಾಗುವುದು ನೆಕ್. ಟ್ರಸ್ ರಾಡ್ ಅದನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಬಿಗಿ ಮಾಡಿದಷ್ಟೂ ನೆಕ್ ನೆಟ್ಟಗಾಗುತ್ತದೆ. ಇನ್ನೂ ಬಿಗಿ ಮಾಡಿದರೆ ನಡುಭಾಗ ಗೂನಾಗಿ ತಂತಿಗೆ ತಾಗುತ್ತದೆ. ಆದರೆ ತಂತಿಗೆ ಅಲ್ಲೇ ಜಾಗ ಬೇಕು. ಸ್ಕಿಪ್ಪಿಂಗ್ ಹಗ್ಗ ತಿರುಗಿಸುವಾಗ ನಡುವೆಯೇ ಅಗಲ ಜಾಸ್ತಿ ಅಲ್ವಾ? ಅದಕ್ಕೇ ನೆಕ್ ಒಂಚೂರು ಬಾಗಿರಬೇಕು. ಹಾಗಾಗಿ ನಾನು ಮಾಡಬೇಕಿದ್ದದ್ದು ಸಡಿಲ.

ಎಷ್ಟು ಬಾಗಬೇಕು? ಮೊದಲು ಶ್ರುತಿ ಮಾಡಿ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. ಈಗ ತಂತಿಯೇ ಅಳತೆಪಟ್ಟಿ. ಏಳನೇ ಫ್ರೆಟ್ ಮೇಲೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ನನ್ನದರಲ್ಲಿ ಸಂದೇ ಇರಲಿಲ್ಲ. ಅಳೆಯಲು ಫೀಲರ್ ಗೇಜ್ ಸಾಕು. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ ಮಾಡಲು ಇಟ್ಟುಕೊಳ್ಳುವ ಅದೇ ತೆಳ್ಳನೆ ಪಟ್ಟಿಗಳು, ನಾನೂ ಅಲ್ಲಿಂದಲೇ ಕಡ ತಂದೆ.

ನನ್ನ ತಪ್ಪಿಗೆ ಕಾಲು ಸುತ್ತು, ಮಳೆಗೆ ಇನ್ನೊಂದು ಕಾಲು ಸುತ್ತು ಸಡಿಲ ಮಾಡಿದೆ. ರಾಡ್ ತಿರುಗಿಸಿದಾಗ ಶ್ರುತಿಯೂ ಜಾರುತ್ತದೆ. ಪ್ರತಿ ಸಲ ಶ್ರುತಿ ಮಾಡಿಯೇ ಅಳೆಯಿರಿ, ಇಲ್ಲದಿದ್ದರೆ ಅಳತೆ ಸುಳ್ಳು. ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ, ಮರ ನಿಧಾನಕ್ಕೆ ಕೂರುತ್ತದೆ. ರಾಡ್ ತಿರುಗದೆ ಹಟ ಹಿಡಿದರೆ ಬಲ ಹಾಕಬೇಡಿ.

ಉಳಿದದ್ದು ಬೇಗ ಮುಗಿಯುತ್ತದೆ. ಹನ್ನೆರಡರ ಆಚೆ ಸದ್ದು ಬಂದರೆ ಸಾಮಾನ್ಯವಾಗಿ ಬ್ರಿಡ್ಜ್‌ನ (ಬಾಡಿ ಮೇಲೆ ತಂತಿ ಕೊನೆಯಾಗುವ ಜಾಗ) ಸ್ಯಾಡಲ್, ಅಂದರೆ ತಂತಿ ಕೂರುವ ತುಂಡು, ಎತ್ತಬೇಕು. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿಗೆ 2 ಮಿ.ಮೀ., ತೆಳು ತಂತಿಗೆ 1.6 ಮಿ.ಮೀ. ಎತ್ತರ ನನ್ನ ಕೈಗೆ ಹಿತ. ಒತ್ತದೆ ಬಿಟ್ಟ ತಂತಿ ಮಾತ್ರ ಜುಂಯ್ ಅಂದರೆ ನಟ್‌ನ (ನೆಕ್ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ತೋಡು ಆಳವಾಗಿದೆ. (ಈ ನಟ್ ಬೋಲ್ಟ್‌ನ ಜೋಡಿ ಅಲ್ಲ. ಮೊದಲ ದಿನ ನಾನು ಸ್ಪ್ಯಾನರ್ ಹುಡುಕಿದ್ದೆ!) ಒಂದೇ ಜಾಗದಲ್ಲಿ ಸದ್ದಾದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಎಟಿಎಂ ಕಾರ್ಡ್‌ನ ಅಂಚನ್ನು ಮೂರು ಫ್ರೆಟ್ ಮೇಲೆ ನಿಲ್ಲಿಸಿ. ಜೋಕಾಲಿ ಆಡಿದರೆ ನಡುವಿನದೇ ಎತ್ತರ. ಅದನ್ನು ಉಜ್ಜುವ ಕೆಲಸ ಗೊತ್ತಿದ್ದವರಿಗೇ ಬಿಡಿ.

ಕೊನೆಗೆ ಇಂಟೊನೇಶನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿ ಬರುವಂತೆ ಮಾಡುವುದು. ಹನ್ನೆರಡನೇ ಫ್ರೆಟ್ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಸುಮ್ನೆ ಮುಟ್ಟಿ ಮೀಟಿದಾಗ ಬರುವ ಸ್ವರ) ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಅಂದರೆ ನೆಕ್‌ನಿಂದ ದೂರ, ಇಳಿದಿದ್ದರೆ ಮುಂದಕ್ಕೆ.

ಹಾಂ, ಇಷ್ಟೆಲ್ಲ ಮಾಡುವ ಮುಂಚೆ ಆಂಪ್ಲಿಫೈಯರ್‌ಗೆ ಹಾಕಿ ಕೇಳಿ. ಅಲ್ಲಿ ಕೇಳಿಸದ ಜುಂಯ್‌ಗೆ ನಾನೀಗ ಕೀ ಎತ್ತುವುದಿಲ್ಲ.