ನೆರಳು ಮಾಯವಾಗಲು ಇನ್ನೂ 22 ನಿಮಿಷ

ಮಾರ್ಚ್ ಕೊನೆಯ ವಾರ ನನ್ನ ಫೋನಿಗೆ ಬಿಡುವಿಲ್ಲ. ವಿಶ್ವವಿದ್ಯಾಲಯದ ಬೇಸಿಗೆ ತರಗತಿಗೆ ಅರ್ಜಿ ಕರೆದಿರುತ್ತೇವೆ. ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮೇಡಂ, ಹತ್ತನೇ ಕ್ಲಾಸಿನ ಪೋರ್ಷನ್ ಎಷ್ಟು ಮುಗಿಸ್ತೀರಾ?" ಒಂದು ಪಾಠವನ್ನೂ ಮುಗಿಸಲ್ಲ ಅನ್ನುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮತ್ತೆ ಎರಡು ವಾರ ಏನ್ ಮಾಡಿಸ್ತೀರಾ?"

ಇದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ, ಕಲೆ ಎರಡೂ ಸೇರಿಸಿ ಬೇಸಿಗೆ ತರಗತಿ ನಡೆಸುವ ಗುಂಪಿನಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಈ ವಯಸ್ಸಿನವರದು ಒಂಥರಾ ಅತಂತ್ರ. ರಂಗಾಯಣದ ಚಿನ್ನರ ಮೇಳದಲ್ಲಿ ಕುಣಿದು ಬಂದವರೇ ಒಂಬತ್ತನೇ ಕ್ಲಾಸು ಮುಟ್ಟುವಷ್ಟರಲ್ಲಿ "ನಾವೇನು ಚಿಕ್ಕ ಮಕ್ಕಳಾ" ಅನ್ನುತ್ತಾರೆ. ಕಾಲೇಜಿನವರಿಗೆ ಇರುವ ಅವಕಾಶ ಇವರಿಗೆ ಇನ್ನೂ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಶಿಬಿರಗಳು ಐದು ದಿನದವು, ಚೆನ್ನಾಗಿರುತ್ತವೆ. ಆದರೆ ಅವು ಪಿಯುಸಿ ವಿಜ್ಞಾನದವರಿಗೆ. ಇಸ್ರೋ 2019ರಲ್ಲಿ ಶುರು ಮಾಡಿದ ಯುವಿಕಾ ಎಂಬ ಶಿಬಿರ ಒಂಬತ್ತನೇ ಕ್ಲಾಸಿನವರಿಗೇ ಮೀಸಲು. ಎರಡು ವಾರ ಅಲ್ಲೇ ಉಳಿಸಿಕೊಳ್ಳುತ್ತಾರೆ, ಖರ್ಚೂ ಅವರದೇ. ನಿಮ್ಮ ಮಗು ಆ ಕ್ಲಾಸಿನಲ್ಲಿದ್ದರೆ ಅರ್ಜಿ ಹಾಕಿಸಲೇಬೇಕು. ಸೀಟು ಮಾತ್ರ ಇಡೀ ದೇಶಕ್ಕೆ ಕೆಲವೇ ನೂರು. ಉಳಿದವರಿಗೆ ಬೇಸಿಗೆ ಅಂದರೆ ಟ್ಯೂಷನ್ನು.

ನಮ್ಮ ಮೊದಲ ವರ್ಷದ ತರಗತಿ ನೆನೆಸಿಕೊಂಡರೆ ಈಗಲೂ ನನಗೆ ನಾಚಿಕೆ. ದಿನಕ್ಕೆ ಐದು ಉಪನ್ಯಾಸ ಇಟ್ಟಿದ್ದೆವು. ನಾನು ಕಪ್ಪುಕುಳಿಗಳ ಬಗ್ಗೆ ಮಾತಾಡಿದೆ. ಕಿಟಕಿಗೆ ಪರದೆ, ಮುಂದೆ ಪ್ರೊಜೆಕ್ಟರ್, ಮೇಲೆ ಫ್ಯಾನು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ತಲೆಯಿಟ್ಟು ಗಾಢ ನಿದ್ದೆ. ಎಬ್ಬಿಸಲು ಮನಸ್ಸು ಬರಲಿಲ್ಲ. ಊಟ ಆದ ಮೇಲೆ ಕಲೆ. ಡ್ರಾಯಿಂಗ್ ಶೀಟು ಕೊಟ್ಟು "ನಿಮಗೆ ಇಷ್ಟವಾದದ್ದು ಬರೆಯಿರಿ" ಅಂದೆವು. ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನಮರ. ನಲವತ್ತು ಶೀಟಿನಲ್ಲೂ ಅದೇ. ಕೊನೆಯ ದಿನ ಅಭಿಪ್ರಾಯದ ಹಾಳೆಯಲ್ಲಿ ಒಬ್ಬ ಹುಡುಗಿ ಬರೆದಿದ್ದಳು: "ಊಟ ಚೆನ್ನಾಗಿತ್ತು." ಅಷ್ಟೇ.

ಆ ಒಂದು ಸಾಲಿನಿಂದ ನಾವು ಕಲಿತದ್ದು ಬಹಳ. ಮಕ್ಕಳಿಗೆ ಉಪನ್ಯಾಸ ಎಲ್ಲಿ ಬೇಕಾದರೂ ಸಿಗುತ್ತದೆ, ಯೂಟ್ಯೂಬಿನಲ್ಲಿ ನನಗಿಂತ ಚೆನ್ನಾಗಿಯೇ ಸಿಗುತ್ತದೆ. ಶಾಲೆಯಲ್ಲಿ ಸಿಗದ್ದು ಬೇರೆ. ಒಂದೇ ವಿಷಯದ ಮೇಲೆ ಇಡೀ ದಿನ ಕೂರುವ, ತಪ್ಪು ಮಾಡಿ ಮತ್ತೆ ಮಾಡುವ ಪುರಸೊತ್ತು. ಅಮೆರಿಕದಲ್ಲಿ ಆರ್ನಾಲ್ಡ್ ರಾಸ್ ಎಂಬ ಗಣಿತದ ಪ್ರೊಫೆಸರ್ 1957ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಇಂಥ ಬೇಸಿಗೆ ತರಗತಿ ಶುರು ಮಾಡಿದರು. ಆಮೇಲೆ ಅದನ್ನು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಒಯ್ದರು. ಅಲ್ಲಿ ಹೈಸ್ಕೂಲು ಮಕ್ಕಳು ವಾರಗಟ್ಟಲೆ ಮಾಡುತ್ತಿದ್ದದ್ದು ಪೂರ್ಣಾಂಕಗಳ ಲೆಕ್ಕ. ಒಂದು, ಎರಡು, ಮೂರು, ಅವುಗಳ ಗುಣಾಕಾರ ಭಾಗಾಕಾರ! ಸರಳ ಸಂಗತಿಗಳ ಬಗ್ಗೆ ಆಳವಾಗಿ ಯೋಚಿಸಿ ಎಂಬುದು ಅವರ ಧ್ಯೇಯವಾಕ್ಯ. ಕಪ್ಪುಕುಳಿ ಬಿಟ್ಟು ನಾವೂ ಕೋಲು ಹಿಡಿದದ್ದು ಹೀಗೆ.

ಕೋಲು ಅಂದರೆ ನಿಜವಾಗಿಯೂ ಕೋಲು. ಮೈಸೂರಿನಲ್ಲಿ ಏಪ್ರಿಲ್ 22ರ ಆಸುಪಾಸು ಸೂರ್ಯ ಮಧ್ಯಾಹ್ನ ನೆತ್ತಿಗೆ ನೇರವಾಗಿ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳಿಲ್ಲ. ಬೆಂಗಳೂರಿಗೆ ಒಂದೆರಡು ದಿನ ತಡ. ಧಾರವಾಡಕ್ಕೆ ಮೇ ಮೊದಲ ವಾರ. ಕರ್ನಾಟಕದ ಎಲ್ಲ ಊರಿಗೂ ಇದು ವರ್ಷಕ್ಕೆ ಎರಡು ಸಲ ಬರುತ್ತದೆ. ಎರಡನೆಯ ಸಲ ಮಳೆಗಾಲದ ಮೋಡದಲ್ಲಿ ಕಾಣುವುದು ಕಷ್ಟ. ಮೊದಲನೆಯದು ಸರಿಯಾಗಿ ಬೇಸಿಗೆ ರಜೆಯಲ್ಲೇ ಬೀಳುತ್ತದೆ. ಶಾಲೆ ಬಾಗಿಲು ಹಾಕಿರುವಾಗ.

ಮಕ್ಕಳು ಪಿವಿಸಿ ಪೈಪಿನ ತುಂಡುಗಳನ್ನು ನೆಟ್ಟು 12 ಗಂಟೆಗೆ ಸುತ್ತ ನಿಂತರು. ನೆರಳು ಇತ್ತು. 12:05ಕ್ಕೂ ಇತ್ತು. "ಮೇಡಂ, ಇದು ಸುಮ್ನೆ ವಾಟ್ಸಾಪ್ ಸುದ್ದಿ ಇರಬೇಕು" ಎಂದ ಒಬ್ಬ. ನಾನು ಬಾಯಿ ಬಿಡಲಿಲ್ಲ. ನಮ್ಮ ಕೆಲಸದಲ್ಲಿ ಅತಿ ಕಷ್ಟದ್ದು ಇದೇ ನೋಡಿ. ಉತ್ತರ ಗೊತ್ತಿದ್ದೂ ಹೇಳದೆ ಬಿಸಿಲಲ್ಲಿ ನಿಲ್ಲುವುದು. 12:22ಕ್ಕೆ ಪೈಪುಗಳ ನೆರಳು ಬುಡಕ್ಕೆ ಸೇರಿತು. ಒಂದು ಪೈಪಿನದು ಮಾತ್ರ ಬೆರಳಗಲ ಉಳಿದೇ ಇತ್ತು. ಗಾರೆ ಕೆಲಸದವರ ಮಗನೊಬ್ಬ ಅದನ್ನು ನೋಡಿ, "ಅದು ವಾಲಿದೆ, ತೂಗುಗುಂಡು ಹಿಡೀಬೇಕಿತ್ತು" ಅಂದ. ಮಾರನೆಯ ದಿನ ಅಪ್ಪನ ತೂಗುಗುಂಡು ತಂದ. ಅಲ್ಲಿಂದಾಚೆಗೆ ಕಂಬ ನೆಡುವ ಕೆಲಸಕ್ಕೆಲ್ಲ ಅವನೇ ಮೇಸ್ತ್ರಿ.

12ಕ್ಕೆ ಯಾಕಲ್ಲ, 12:22ಕ್ಕೆ ಯಾಕೆ? ಆ ಪ್ರಶ್ನೆ ಎರಡು ದಿನ ತಿಂದಿತು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಅದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಮೈಸೂರು ಇರುವುದು 76.65ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಕಳೆದು ಗುಣಿಸಿದರೆ 23 ನಿಮಿಷ ಚಿಲ್ಲರೆ. ಹಾಗಾದರೆ 12:23 ಆಗಬೇಕಿತ್ತಲ್ಲ? ಉಳಿದ ಒಂದು ಚಿಲ್ಲರೆ ನಿಮಿಷಕ್ಕೆ ಇನ್ನೊಂದು ದಿನ ಬೇಕಾಯಿತು. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಸುತ್ತುವುದಿಲ್ಲ, ಅದರ ಅಕ್ಷವೂ ವಾಲಿದೆ. ಹಾಗಾಗಿ ಸೂರ್ಯ ಕೆಲವು ತಿಂಗಳು ಗಡಿಯಾರಕ್ಕಿಂತ ಮುಂದೆ, ಕೆಲವು ತಿಂಗಳು ಹಿಂದೆ. ಇದು ಯಾವ ಪೋರ್ಷನ್ನಿನಲ್ಲೂ ಇಲ್ಲ.

ಕಲೆಯನ್ನು ಊಟದ ನಂತರಕ್ಕೆ ತಳ್ಳುವುದನ್ನೂ ಬಿಟ್ಟೆವು. ಅರಿಸಿನ ಹಚ್ಚಿ ಒಣಗಿಸಿದ ಹಾಳೆಯ ಮೇಲೆ ತಿಳಿ ಸುಣ್ಣದ ನೀರಿನಲ್ಲಿ ಬ್ರಷ್ ಅದ್ದಿ ಬರೆಸುತ್ತೇವೆ. ಗೆರೆ ಕೆಂಪಗೆ ಮೂಡುತ್ತದೆ. ಮನೆಯಲ್ಲಿ ಆರತಿ ನೀರು ಕಂಡ ಮಕ್ಕಳಿಗೆ ಇದು ಹೊಸದಲ್ಲ. ಅದರ ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ ಆಗುವುದು ಹೊಸದು. ಆಮ್ಲ, ಕ್ಷಾರ ಅಲ್ಲೇ ಮುಗಿಯಿತು.

ನನಗೆ ಪಾಠ ಕಲಿಸಿದ್ದು ವೀಣೆ. ಒಬ್ಬ ಹುಡುಗಿ ಮನೆಯಿಂದ ತನ್ನ ವೀಣೆ ತಂದಿದ್ದಳು. ತಂತಿಯ ಅರ್ಧ ಉದ್ದಕ್ಕೆ ಮೇಲಿನ ಸ ಬರುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆದೆ. ಅಳೆದು ನೋಡಿ ಅಂದೆ. ಟೈಲರ್ ಟೇಪು ಹಿಡಿದರು. ತಂತಿಯ ಒಂದು ತುದಿಯ ಕುದುರೆಯಿಂದ ಇನ್ನೊಂದು ತುದಿಯ ಮೇರುವಿನವರೆಗೆ 84 ಸೆಂಟಿಮೀಟರ್. ಹಾಗಾದರೆ ಮೇಲಿನ ಸ ಕೊಡುವ ಹನ್ನೆರಡನೇ ಮೆಟ್ಟಿಲು ಕುದುರೆಯಿಂದ 42ಕ್ಕೆ ಇರಬೇಕು. ಇದ್ದದ್ದು ಅದಕ್ಕಿಂತ ಅರ್ಧ ಸೆಂಟಿಮೀಟರಿಗೂ ತುಸು ಹೆಚ್ಚು ಆಚೆ, ಮೇರುವಿನ ಕಡೆಗೆ. "ಟೇಪು ಹಿಗ್ಗಿರುತ್ತೆ, ಬಿಡಿ" ಅಂದುಬಿಟ್ಟೆ. ಅವರು ಬಿಡಲಿಲ್ಲ. ಲ್ಯಾಬಿನ ಉಕ್ಕಿನ ಸ್ಕೇಲು ತಂದು ಮೂರು ಸಲ ಅಳೆದರು. ಮೂರು ಸಲವೂ ಅಷ್ಟೇ. "ಹಾಗಾದ್ರೆ ಮೇಳ ಕಟ್ಟಿದವರು ತಪ್ಪು ಮಾಡಿದಾರಾ ಮೇಡಂ?"

ಮೆಟ್ಟಿಲುಗಳನ್ನು ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿದ ಮೇಣದಲ್ಲಿ ಕೂರಿಸುತ್ತಾರೆ. ವೀಣೆಯ ಭಾಷೆಯಲ್ಲಿ ಅದೇ ಮೇಳ ಕಟ್ಟುವುದು. ಸಂಗೀತ ಕಲಿಸಲು ಬರುವ ಟೀಚರು ಅಲ್ಲೇ ಇದ್ದರು, ನಕ್ಕರು. "ಮೇಳ ಕಟ್ಟೋರು ಸ್ಕೇಲು ಹಿಡಿಯಲ್ಲ, ಕಿವಿ ಇಡ್ತಾರೆ" ಅಂದರು. ವೀಣೆಯ ಹುಡುಗಿ ತಂತಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು: "ಒತ್ತಿದಾಗ ತಂತಿ ಬಿಗಿ ಆಗುತ್ತೆ ಅಲ್ವಾ?"

ಆಗುತ್ತದೆ. ಬಿಗಿಯಾದರೆ ಸ್ವರ ಏರುತ್ತದೆ. ಆ ಏರಿಕೆ ಸರಿದೂಗಲು ಮೆಟ್ಟಿಲನ್ನು ಅರ್ಧಕ್ಕಿಂತ ತುಸು ಆಚೆ ಕೂರಿಸಬೇಕು. ಸರಿಯಾಗಿ 42ಕ್ಕೆ ಬೆರಳನ್ನು ಒತ್ತದೆ, ಸುಮ್ನೆ ತಾಗಿಸಿ ಮೀಟಿದರು. ಗಂಟೆ ಹೊಡೆದಂತೆ ಮೇಲಿನ ಸ ಬಂತು. ಮೆಟ್ಟಿಲ ಮೇಲೆ ಒತ್ತಿ ಮೀಟಿದರು. ಅದೇ ಸ. ಫೋನಿನ ಶ್ರುತಿ ಆ್ಯಪ್ ಎರಡಕ್ಕೂ ಒಂದೇ ಉತ್ತರ ಕೊಟ್ಟಿತು. ಬೋರ್ಡಿನ ಮೇಲಿದ್ದ ನನ್ನ ಸೂತ್ರದಲ್ಲಿ ಬಿಗಿತ ಬದಲಾಗುವುದಿಲ್ಲ ಎಂಬ ಮಾತು ಅಡಗಿ ಕೂತಿತ್ತು. ಇಪ್ಪತ್ತು ವರ್ಷ ಅದನ್ನು ಪಾಠ ಮಾಡಿದ್ದೇನೆ, ಒಮ್ಮೆಯೂ ವೀಣೆಗೆ ಟೇಪು ಹಿಡಿದಿರಲಿಲ್ಲ. ಸಿ.ವಿ. ರಾಮನ್ ನೊಬೆಲ್ ಬರುವ ಮೊದಲೇ ಕಲ್ಕತ್ತೆಯಲ್ಲಿ ವೀಣೆ, ತಂಬೂರಿ, ಮೃದಂಗಗಳನ್ನು ಹಿಡಿದು ಕೂತಿದ್ದರು. ಮೃದಂಗದ ನಡುವಿನ ಕಪ್ಪು ಕರಣೆಯಿಂದಲೇ ಅದರ ಸದ್ದು ಸ್ವರವಾಗುತ್ತದೆ ಎಂದು ತೋರಿಸಿದರು. ಇದನ್ನು ಮಕ್ಕಳಿಗೆ ಹೇಳಿದ್ದು ವೀಣೆ ಅಳೆದ ಮೇಲೆ. ಮೊದಲೇ ಹೇಳಿದ್ದರೆ ನೋಟ್ಸಿನಲ್ಲಿ ಬರೆದುಕೊಂಡು ಮರೆಯುತ್ತಿದ್ದರು.

ಭಾಷೆಯದೊಂದು ತೊಡಕಿತ್ತು. ಲ್ಯಾಬಿನಲ್ಲಿ ನೆರವಾಗುವ ರಿಸರ್ಚ್ ಸ್ಕಾಲರ್‌ಗಳು ಬಾಯಿ ತೆರೆದರೆ ಇಂಗ್ಲಿಷ್. ಸರ್ಕಾರಿ ಶಾಲೆಯ ಮಕ್ಕಳು ತಲೆಯಾಡಿಸುತ್ತಿದ್ದರು, ಕೈ ಮುಂದೆ ಬರುತ್ತಿರಲಿಲ್ಲ. ಈಗ ಒಂದು ಮೇಜಿಗೆ ಕನ್ನಡ ಮಾಧ್ಯಮದವರು ಇಬ್ಬರು, ಇಂಗ್ಲಿಷ್ ಮಾಧ್ಯಮದವರು ಇಬ್ಬರು. ಒಬ್ಬರಿಗೆ ಘರ್ಷಣೆ ಗೊತ್ತು, ಇನ್ನೊಬ್ಬರಿಗೆ ಫ್ರಿಕ್ಷನ್ ಗೊತ್ತು. ಮಾತಾಡಿಕೊಳ್ಳದೆ ವಿಧಿಯಿಲ್ಲ. ಎರಡನೇ ದಿನದ ಹೊತ್ತಿಗೆ ಯಾರು ಯಾವ ಮಾಧ್ಯಮ ಎಂಬುದು ನಮಗೇ ಮರೆತುಹೋಗಿರುತ್ತದೆ.

ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೈಪು, ಅರಿಸಿನ, ಸುಣ್ಣ, ನಿಂಬೆಹಣ್ಣು. ದುಡ್ಡು ಹೋಗುವುದು ಚಿತ್ರಾನ್ನ ಮಜ್ಜಿಗೆಗೆ, ಬಸ್ಸಿಗೆ. ನಮ್ಮ ಅಟೆಂಡರ್ ಒಬ್ಬರ ಚಿಂತೆಯೇ ಬೇರೆ: "ಮಕ್ಕಳು ಗಾಜು ಒಡೆದ್ರೆ ಸ್ಟಾಕ್ ರಿಜಿಸ್ಟರ್‌ಗೆ ಏನಂತ ಬರೀಲಿ ಮೇಡಂ?" ಒಡೆಯಿತು ಅಂತ ಬರೆಯಿರಿ ಅಂದೆ. ಎರಡು ಬೀಕರ್ ಒಡೆದಿವೆ, ಇಷ್ಟು ವರ್ಷದಲ್ಲಿ. ಎಂಎಸ್ಸಿಯವರು ಒಂದೇ ಸೆಮಿಸ್ಟರಿನಲ್ಲಿ ಅದಕ್ಕಿಂತ ಜಾಸ್ತಿ ಒಡೆಯುತ್ತಾರೆ.

ಯಾವುದೇ ಊರಿನ ಬೇಸಿಗೆ ತರಗತಿಗೆ ಮಗುವನ್ನು ಸೇರಿಸುವ ಮೊದಲು ಒಂದು ಮಾತು ಕೇಳಿ: ಒಂದು ಮೇಜಿಗೆ ಎಷ್ಟು ಮಕ್ಕಳು? ನಾಲ್ಕೈದು ಅಂದರೆ ಸರಿ. "ಹಾಲ್ ಇದೆ, ಇನ್ನೂರು ಜನ ಕೂರಬಹುದು" ಅಂದರೆ ಟ್ಯೂಷನ್ನೇ ವಾಸಿ. ಲ್ಯಾಬಿಗೆ ಹೋಗುವ ದಿನ ಕಾಲು ಮುಚ್ಚುವ ಚಪ್ಪಲಿ, ಹತ್ತಿ ಬಟ್ಟೆ ಹಾಕಿಸಿ, ಜಡೆ ಕಟ್ಟಿಸಿ. ಸಂಜೆ ಮನೆಗೆ ಬಂದಾಗ "ಏನು ಕಲಿತೆ" ಎಂದು ಕೇಳಬೇಡಿ. "ಇವತ್ತು ಏನು ಕೆಟ್ಟಿತು" ಎಂದು ಕೇಳಿ, ಮಾತು ನಿಲ್ಲುವುದೇ ಇಲ್ಲ.

ಒಂದು ವರ್ಷ ತರಗತಿ ಮುಗಿದು ವಾರ ಕಳೆದಿರಬಹುದು. ಮೇ ತಿಂಗಳು. ಮಧ್ಯಾಹ್ನ ಫೋನ್ ಬಂತು. ನಮ್ಮ ಮೇಸ್ತ್ರಿ! ಅಮ್ಮನ ತವರು ಕಲಬುರಗಿಗೆ ಹೋಗಿದ್ದನಂತೆ. ಮೈಸೂರಿನಲ್ಲಿ ಏಪ್ರಿಲ್‌ನಲ್ಲೇ ಆಗಿಹೋಗಿದ್ದು ಅಲ್ಲಿ ಮೇ 9ರ ಹೊತ್ತಿಗೆ ಆಗಬೇಕು ಎಂದು ಲೆಕ್ಕ ಹಾಕಿದ್ದಾನೆ. ರೇಖಾಂಶ ಕಳೆದು, ನಾಲ್ಕರಿಂದ ಗುಣಿಸಿ, ಸೂರ್ಯ ಮುಂದಿರುವ ನಿಮಿಷವನ್ನೂ ತೆಗೆದು ಹೊತ್ತು ಬರೆದಿಟ್ಟುಕೊಂಡಿದ್ದಾನೆ. ಅಂಗಳದಲ್ಲಿ ಒನಕೆ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ನೆಟ್ಟಗಿದೆಯೇ ಎಂದು ನೋಡಿದ್ದಾನೆ. ಅಜ್ಜಿ ಒಳಗಿನಿಂದ "ಬಿಸ್ಲಾಗ ಏನ್ ಮಾಡ್ಲಕತ್ತಿ, ಒಳಗ ಬಾ" ಎಂದು ಕೂಗುತ್ತಿದ್ದದ್ದು ನನಗೂ ಕೇಳಿಸಿತು.

"ಮೇಡಂ, 12:19," ಅಂದ. "ಕಾಲು ಸುಡ್ತಾ ಇದೆ, ಆಮೇಲೆ ಮಾಡ್ತೀನಿ."