ಶಟ್‌ಡೌನ್ ಕೊಟ್ಟರೆ ಮತ್ತೆ ಎದ್ದು ಕೂರುವ ಕಂಪ್ಯೂಟರ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಹತ್ತು ಹನ್ನೆರಡು ವರ್ಷದ ಹಳೆಯ ಯಂತ್ರಗಳನ್ನು ಅದು ಒಳಗೇ ಸೇರಿಸುವುದಿಲ್ಲ. ಹಾಗಾಗಿ ಕೊಡಗಿನ ಎಸ್ಟೇಟ್ ಆಫೀಸು, ಹೋಂಸ್ಟೇ, ಸಣ್ಣಪುಟ್ಟ ಅಂಗಡಿಗಳ ಕಂಪ್ಯೂಟರುಗಳಿಗೆ ಈಗ ವಿಂಡೋಸ್ ಬದಲು ಲಿನಕ್ಸ್ ಬರುತ್ತಿದೆ, ಅದರ ಬಗೆಗಳಲ್ಲಿ ಹೆಚ್ಚಾಗಿ ಮಿಂಟ್, ಇಲ್ಲವೇ ಉಬುಂಟು. ಚೆಕ್‌ರೋಲ್ (ಕೆಲಸದವರ ಹಾಜರಿ, ಕೂಲಿಯ ಪಟ್ಟಿ) ಬರೆಯಲು, ಬಿಲ್ ಮುದ್ರಿಸಲು, ಮೇಲ್ ನೋಡಲು ಈ ಹಳೆಯ ಯಂತ್ರಗಳು ಇನ್ನೂ ಕೆಲವು ವರ್ಷ ಧಾರಾಳವಾಗಿ ದುಡಿಯುತ್ತವೆ. ಆದರೆ ಲಿನಕ್ಸ್ ಹಾಕಿಕೊಟ್ಟ ಮೇಲೆ ಒಂದು ದೂರು ಮಾತ್ರ ಪದೇ ಪದೇ ಬರುತ್ತದೆ: ಶಟ್‌ಡೌನ್ ಕೊಟ್ಟರೆ ಆಫ್ ಆಗುವುದಿಲ್ಲ, ರೀಸ್ಟಾರ್ಟ್ ಆಗುತ್ತದೆ.

ಇದೇನು ಮಹಾ, ಸ್ವಿಚ್ ಆರಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ನಮ್ಮ ಕಡೆ ಅದು ಅಷ್ಟು ಹಗುರವಲ್ಲ. ಎಸ್ಟೇಟಿನ ರೈಟರ್, ಅಂದರೆ ಗುಮಾಸ್ತರು, ಸಂಜೆ ಶಟ್‌ಡೌನ್ ಒತ್ತಿ, ಸ್ಕ್ರೀನ್ ಕಪ್ಪಾಗುತ್ತಲೇ ಆಫೀಸಿಗೆ ಬೀಗ ಹಾಕಿ ಹೊರಡುತ್ತಾರೆ. ಕಕ್ಕಡದ ಮಳೆಗೆ ಮರ ಲೈನಿನ ಮೇಲೆ ಬಿದ್ದು ರಾತ್ರಿ ಕರೆಂಟು ಹೋಯಿತೆನ್ನಿ. ಹಿಂದಿನಿಂದ ಎದ್ದು ಕೂತ ಕಂಪ್ಯೂಟರ್ ಯುಪಿಎಸ್ ಬ್ಯಾಟರಿಯನ್ನು ಪೂರ್ತಿ ಹೀರಿ, ಕೊನೆಗೆ ಧೊಪ್ಪನೆ ಆರುತ್ತದೆ. ಮಳೆಗಾಲವಿಡೀ ಹೀಗೆ ನಡೆದರೆ ಬ್ಯಾಟರಿಯೂ ಹೋಗುತ್ತದೆ, ಹಾರ್ಡ್‌ಡಿಸ್ಕ್‌ಗೂ ಒಳ್ಳೆಯದಲ್ಲ.

ದೂರು ಒಂದೇ ಆದರೂ ಕಾಯಿಲೆ ಎರಡು. ಒಂದು, ಯಂತ್ರ ನಿಜವಾಗಿ ಆಫ್ ಆಗುವುದೇ ಇಲ್ಲ. ಆಫ್ ಆಗುವ ದಾರಿಯಲ್ಲಿ ಎಡವಿ ರೀಸ್ಟಾರ್ಟ್ ಆಗುತ್ತದೆ. ಇನ್ನೊಂದು, ಯಂತ್ರ ಸರಿಯಾಗಿಯೇ ಆಫ್ ಆಗುತ್ತದೆ, ಆಮೇಲೆ ಯಾರೋ ಅದನ್ನು ಎಬ್ಬಿಸುತ್ತಾರೆ. ನನ್ನ ಬಳಿಗೆ ಬರುವುದರಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಆದರೂ ಬಂದವರೆಲ್ಲ ಲಿನಕ್ಸ್ ಅನ್ನೇ ಬೈಯುತ್ತಾ ಬರುತ್ತಾರೆ. ಯಾವ ಕಾಯಿಲೆ ಎಂದು ತಿಳಿಯದೆ ಮದ್ದಿಗೆ ಕೈಹಾಕಿದರೆ ಒಂದು ವಾರ ಸುಮ್ಮನೆ ಹೋಗುತ್ತದೆ.

ಮೊದಲು ಕಣ್ಣು ಕಿವಿಗಳಿಗೆ ಕೆಲಸ ಕೊಡಿ. ಬೇಕೆಂದೇ ಒಮ್ಮೆ ರೀಸ್ಟಾರ್ಟ್ ಮಾಡಿ, ಫ್ಯಾನು ಮತ್ತು ಪವರ್ ದೀಪ ಹೇಗೆ ವರ್ತಿಸುತ್ತವೆ ನೋಡಿಕೊಳ್ಳಿ. ಕೆಲವು ಮದರ್‌ಬೋರ್ಡ್‌ಗಳು ರೀಸ್ಟಾರ್ಟ್‌ನಲ್ಲೂ ಒಂದು ಕ್ಷಣ ಕರೆಂಟು ಕಡಿದು ಕೊಡುತ್ತವೆ, ಅದಕ್ಕೇ ಈ ಹೋಲಿಕೆ ಬೇಕು. ಆಮೇಲೆ ಶಟ್‌ಡೌನ್ ಕೊಡಿ. ದೀಪ ಪೂರ್ತಿ ಆರಿ, ಫ್ಯಾನು ನಿಂತು, ಎರಡು ಮೂರು ಸೆಕೆಂಡೋ ಅರ್ಧ ಗಂಟೆಯೋ ಬಿಟ್ಟು ತಾನಾಗಿ ಎದ್ದರೆ ಅದು ಎಬ್ಬಿಸುವವರ ಕೆಲಸ. ದೀಪ ಆರದೆಯೇ ಕಂಪನಿಯ ಲೋಗೋ ಬಂದರೆ ಅದು ಎಡವಿದ್ದು.

ಇದಕ್ಕೆ ಲಿಖಿತ ಸಾಕ್ಷಿಯೂ ಸಿಗುತ್ತದೆ. ಮಿಂಟ್, ಉಬುಂಟುಗಳು ಬೂಟ್ ಸಂದೇಶಗಳನ್ನು ಚಂದದ ಲೋಗೋದ ಹಿಂದೆ ಮುಚ್ಚಿಡುತ್ತವೆ. ಯಂತ್ರ ಚಾಲೂ ಆಗುವಾಗ ಲಿನಕ್ಸ್ ಅನ್ನು ಲೋಡ್ ಮಾಡುವ ಪ್ರೋಗ್ರಾಮ್ ಗ್ರಬ್. ಅದರ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನಿಂದ ‘ಕ್ವೈಟ್ ಸ್ಪ್ಲಾಶ್’ ಎರಡನ್ನೂ ಅಳಿಸಿ ಬೂಟ್ ಮಾಡಿ. ಈ ಬದಲಾವಣೆ ಅದೊಂದು ಬೂಟಿಗೆ ಮಾತ್ರ. ಶಟ್‌ಡೌನ್ ಕೊಡುವಾಗ ಮೊಬೈಲಿನಲ್ಲಿ ಸ್ಕ್ರೀನಿನ ವಿಡಿಯೋ ಮಾಡಿಕೊಳ್ಳಿ, ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡಿ. ಕೊನೆಯ ಸಾಲು ‘ರೀಬೂಟ್: ಪವರ್ ಡೌನ್’ ಎಂದಿದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) ತನ್ನ ಪಾಲಿನ ಕೆಲಸ ಮುಗಿಸಿದೆ ಎಂದರ್ಥ. ‘ರೀಬೂಟ್: ರೀಸ್ಟಾರ್ಟಿಂಗ್ ಸಿಸ್ಟಮ್’ ಎಂದಿದ್ದರೆ ರೀಸ್ಟಾರ್ಟ್ ಮಾಡು ಎಂದು ಒಳಗಿನಿಂದಲೇ ಯಾವುದೋ ಪ್ರೋಗ್ರಾಮ್ ಹೇಳಿದೆ. ಈ ಕೊನೆಯ ಸಾಲು ಯಂತ್ರ ತಾನೇ ಬರೆದಿಡುವ ದಿನಚರಿಯಾದ ಲಾಗ್‌ನಲ್ಲಿ ಸಿಗುವುದಿಲ್ಲ, ಅಷ್ಟು ಹೊತ್ತಿಗೆ ಲಾಗ್ ಬರೆಯುವವನೇ ಅಂಗಡಿ ಮುಚ್ಚಿರುತ್ತಾನೆ. ವಿಡಿಯೋ ಮಾಡಿ ಅಂದದ್ದು ಅದಕ್ಕೇ.

ಲಾಗ್‌ನಿಂದ ಆಗುವ ಉಪಯೋಗ ಬೇರೆ. ಆಜ್ಞೆ ಹೊಡೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಜರ್ನಲ್‌ಸಿಟಿಎಲ್ --ಲಿಸ್ಟ್-ಬೂಟ್ಸ್’ ಎಂದರೆ ಪ್ರತಿ ಬೂಟು ಶುರುವಾದ, ಮುಗಿದ ಹೊತ್ತಿನ ಪಟ್ಟಿ ಬರುತ್ತದೆ. (ಇಲ್ಲಿ ಕನ್ನಡದಲ್ಲಿ ಬರೆದ ಆಜ್ಞೆಗಳನ್ನೆಲ್ಲ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.) ಒಂದು ಬೂಟು ಸಂಜೆ ಮುಗಿದು ಮುಂದಿನದು ರಾತ್ರಿ ಯಾವುದೋ ಹೊತ್ತಿನಲ್ಲಿ ಶುರುವಾಗಿದ್ದರೆ ಹೊರಗಿನ ಕೈವಾಡ ಖಚಿತ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಗ್ರಬ್ ಮೆನುವಿನಲ್ಲಿ ‘ಸಿ’ ಒತ್ತಿದರೆ ಒಂದು ಕಮಾಂಡ್ ಸಾಲು ತೆರೆಯುತ್ತದೆ. ಅಲ್ಲಿ ‘ಹಾಲ್ಟ್’ ಎಂದು ಹೊಡೆದರೆ ಯಂತ್ರ ಆಫ್ ಆಗಬೇಕು. ಆ ಹೊತ್ತಿಗೆ ಲಿನಕ್ಸ್ ಇನ್ನೂ ಲೋಡೇ ಆಗಿರುವುದಿಲ್ಲ. ಅಲ್ಲಿಂದ ಆಫ್ ಆಗಿಯೂ ಯಂತ್ರ ಮತ್ತೆ ಎದ್ದರೆ ಲಿನಕ್ಸ್ ನಿರ್ದೋಷಿ. ಬಯೋಸ್ (ಬೋರ್ಡಿನಲ್ಲೇ ಇರುವ ಮೂಲ ಪ್ರೋಗ್ರಾಮ್), ಬೋರ್ಡ್, ಕೇಬಲ್ ಕಡೆ ನೋಡಿ. ಅಲ್ಲಿಂದ ಆಫ್ ಆಗಿ ಹಾಗೇ ಉಳಿದು, ಲಿನಕ್ಸ್ ಒಳಗಿನಿಂದ ಕೊಟ್ಟಾಗ ಮಾತ್ರ ಎದ್ದರೆ ಯಾವುದೋ ಡ್ರೈವರ್ (ಒಂದು ಸಾಧನವನ್ನು ನಡೆಸುವ ಪ್ರೋಗ್ರಾಮ್) ಹೋಗುವಾಗ ಬಾಗಿಲು ಸರಿಯಾಗಿ ಹಾಕುತ್ತಿಲ್ಲ.

ಆಫ್ ಆದ ಯಂತ್ರ ಎದ್ದೇಳುವುದಾದರೂ ಹೇಗೆ? ಮೊದಲಿನ ಕಂಪ್ಯೂಟರುಗಳಲ್ಲಿ ಪವರ್ ಗುಂಡಿ ನೇರವಾಗಿ ಕರೆಂಟನ್ನೇ ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸದಿಂದ ಆ ಪದ್ಧತಿ ಹೋಯಿತು. ಈಗ ಡಬ್ಬದೊಳಗಿನ ಪವರ್ ಸಪ್ಲೈ ಆದ ಎಸ್‌ಎಂಪಿಎಸ್‌ನಿಂದ ಒಂದು ನೇರಳೆ ತಂತಿಯಲ್ಲಿ 5 ವೋಲ್ಟ್ ಸದಾ ಮದರ್‌ಬೋರ್ಡಿಗೆ ಬರುತ್ತಿರುತ್ತದೆ, ಯಂತ್ರ ಆಫ್ ಆದಾಗಲೂ. ಗೋಡೆಯ ಸ್ವಿಚ್ ಆರಿಸುವವರೆಗೆ ಅದು ಬೂದಿ ಮುಚ್ಚಿದ ಕೆಂಡ. 1996ರ ಕೊನೆಗೆ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ ಎಸಿಪಿಐ ಎಂಬ ವಿದ್ಯುತ್ ನಿರ್ವಹಣೆಯ ನಿಯಮಾವಳಿ ತಂದವು. ಅದರ ಲೆಕ್ಕದಲ್ಲಿ ಈ ಸ್ಥಿತಿಗೆ ಎಸ್‌5 ಎಂದು ಹೆಸರು. ಶಟ್‌ಡೌನ್‌ನ ಕೊನೆಗೆ ಕರ್ನಲ್ ಚಿಪ್‌ಸೆಟ್‌ನ ಒಂದು ರಿಜಿಸ್ಟರಿನಲ್ಲಿ ‘ಎಸ್‌5ಕ್ಕೆ ಹೋಗು’ ಎಂದು ಬರೆಯುತ್ತದೆ, ಮುಂದಿನದೆಲ್ಲ ಬೋರ್ಡಿನ ಪಾಲು. ಎಸ್‌5ರಲ್ಲಿ ಆ 5 ವೋಲ್ಟ್ ಕುಡಿಯುತ್ತಾ ಎಚ್ಚರವಿರುವವರು ಹಲವರು: ನೆಟ್‌ವರ್ಕ್ ಕಾರ್ಡು, ಯುಎಸ್‌ಬಿ, ಗಡಿಯಾರದ ಅಲಾರಂ, ಪವರ್ ಗುಂಡಿ. ಇವರಲ್ಲಿ ಯಾರು ಎಬ್ಬಿಸಿದರೂ ಯಂತ್ರ ಏಳುತ್ತದೆ.

ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ ನೆಟ್‌ವರ್ಕ್ ಕಾರ್ಡಿನ ಕಾಟ ನೋಡಿದೆ. “ನಾನು ಬೀಗ ಹಾಕುವಾಗ ಆಫ್ ಆಗಿತ್ತು ಸಾರ್, ಬೆಳಿಗ್ಗೆ ಬಂದು ನೋಡಿದ್ರೆ ಪಾಸ್‌ವರ್ಡ್ ಕೇಳ್ತಾ ಕೂತಿದೆ” ಎಂದರು ಅಲ್ಲಿನ ರೈಟರ್. ಕಣದಲ್ಲಿ ಒಣಗಲು ಹಾಕಿದ ಕಾಫಿಗೆ ಕಾವಲೆಂದು ಸಿಸಿಟಿವಿ ಕ್ಯಾಮೆರಾಗಳಿದ್ದವು. ಅವುಗಳ ರೆಕಾರ್ಡರೂ ಆಫೀಸಿನ ಕಂಪ್ಯೂಟರೂ ಒಂದೇ ಸ್ವಿಚ್‌ಗೆ ಸೇರಿದ್ದವು. ಲ್ಯಾನ್ ಕೇಬಲ್ ಕಿತ್ತು ಶಟ್‌ಡೌನ್ ಕೊಟ್ಟರೆ ಕಂಪ್ಯೂಟರ್ ತೆಪ್ಪಗೆ ಮಲಗಿತು. ಕೇಬಲ್ ಹಾಕಿದ್ದಾಗ ಏಳುತ್ತಿತ್ತು.

‘ಸುಡೊ ಈಥ್‌ಟೂಲ್’ ಎಂದು ಬರೆದು ನೆಟ್‌ವರ್ಕ್ ಕಾರ್ಡಿನ ಹೆಸರು ಕೊಟ್ಟರೆ ಕೊನೆಯಲ್ಲಿ ‘ವೇಕ್-ಆನ್’ ಎಂಬ ಸಾಲು ಕಾಣುತ್ತದೆ. ಅಲ್ಲಿ ‘ಡಿ’ ಎಂದಿದ್ದರೆ ಎಬ್ಬಿಸುವ ಕೆಲಸ ಬಂದ್. ‘ಜಿ’ ಎಂದಿದ್ದರೆ ಮ್ಯಾಜಿಕ್ ಪ್ಯಾಕೆಟ್ ಬಂದಾಗ ಮಾತ್ರ ಎಬ್ಬಿಸುತ್ತದೆ. ಆರು ಬೈಟುಗಳ ಎಫ್‌ಎಫ್, ಅದರ ಹಿಂದೆ ಆ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸ 16 ಸಲ ಬರುವ ಸಂದೇಶ ಅದು. ಯಾರೂ ಬೇಕೆಂದು ಕಳಿಸದೆ ಬರುವಂಥದ್ದಲ್ಲ. ತೊಂದರೆ ಇರುವುದು ‘ಯು’, ‘ಬಿ’, ‘ಪಿ’ಗಳಲ್ಲಿ. ‘ಬಿ’ ಇದ್ದರೆ ನೆಟ್‌ವರ್ಕಿನಲ್ಲಿ ಯಾರು ಎಲ್ಲರನ್ನೂ ಕೂಗಿದರೂ ಇದು ಎದ್ದು ಓಗೊಡುತ್ತದೆ, ಕ್ಯಾಮೆರಾ ರೆಕಾರ್ಡರುಗಳು ಹಾಗೆ ಕೂಗುತ್ತಲೇ ಇರುತ್ತವೆ. ‘ಪಿ’ ಇದ್ದರೆ ಕೇಬಲ್‌ನಲ್ಲಿ ಲಿಂಕ್ ಬಂದರೂ ಸಾಕು, ಅಂದರೆ ಕರೆಂಟು ಹೋಗಿ ಬಂದು ರೌಟರ್ ಚಾಲೂ ಆದರೂ ಸಾಕು. ಅದೇ ಆಜ್ಞೆಗೆ ‘-ಎಸ್’ ಸೇರಿಸಿ, ಕಾರ್ಡಿನ ಹೆಸರಾದ ಮೇಲೆ ‘ವೋಲ್ ಡಿ’ ಎಂದು ಕೊಟ್ಟರೆ ಬಂದ್ ಆಗುತ್ತದೆ. ಅದು ಮುಂದಿನ ಬೂಟಿನವರೆಗೆ ಮಾತ್ರ. ಶಾಶ್ವತವಾಗಿ ಬೇಕಾದರೆ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲಿಂಕ್ ಫೈಲಿನಲ್ಲಿ ಬರೆಯಬೇಕು, ಇಲ್ಲವೇ ಬಯೋಸ್‌ನಲ್ಲೇ ವೇಕ್ ಆನ್ ಲ್ಯಾನ್ (ನೆಟ್‌ವರ್ಕಿನಿಂದ ಎಬ್ಬಿಸುವ ಸೌಲಭ್ಯ) ಬಂದ್ ಮಾಡಬೇಕು. ಬಯೋಸ್ ದಾರಿಯೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ, ನಾಳೆ ಯಾರಾದರೂ ಲಿನಕ್ಸ್ ಮತ್ತೆ ಹಾಕಿದರೂ ಅದು ಉಳಿಯುತ್ತದೆ.

ಯುಎಸ್‌ಬಿಯ ಕತೆ ಇನ್ನೂ ಸ್ವಾರಸ್ಯದ್ದು. ಇಂಟೆಲ್ 7 ಸರಣಿಯ ಚಿಪ್‌ಸೆಟ್ ಇದ್ದ ಕೆಲವು ಬೋರ್ಡುಗಳು ಶಟ್‌ಡೌನ್ ಆದ ಕೆಲವೇ ಸೆಕೆಂಡಿಗೆ ತಾವಾಗಿ ಏಳುತ್ತಿದ್ದವು. ಯುಎಸ್‌ಬಿ 3 ನಿಯಂತ್ರಕದಲ್ಲಿ ಸಿಕ್ಕಿಕೊಂಡ ಪೋರ್ಟುಗಳನ್ನು ಆಫ್ ಆಗುವ ಮುನ್ನ ಹಳೆಯ ಯುಎಸ್‌ಬಿ 2 ನಿಯಂತ್ರಕಕ್ಕೆ ಒಪ್ಪಿಸಿ ಹೋಗುವಂತೆ 2012ರಲ್ಲಿ ಕರ್ನಲ್ ತಿದ್ದಿದರು. ಮರುವರ್ಷ ಇಂಟೆಲ್‌ನ ಹ್ಯಾಸ್‌ವೆಲ್ ಪೀಳಿಗೆಯಲ್ಲಿ ಅದೇ ಕಾಟ ಇನ್ನೊಂದು ರೂಪದಲ್ಲಿ ಕಾಣಿಸಿತು, ಅದಕ್ಕೂ ಬೇರೆ ಮದ್ದು ಬಂತು. ನಮ್ಮಲ್ಲಿ ಈಗ ಲಿನಕ್ಸ್‌ಗೆ ಬರುತ್ತಿರುವ ಹಳೆಯ ಯಂತ್ರಗಳಲ್ಲಿ ಈ ಎರಡು ಪೀಳಿಗೆಯವು ಬಹಳ. ಇವತ್ತಿನ ಕರ್ನಲ್‌ಗಳಲ್ಲಿ ಎರಡೂ ಮದ್ದು ಅಡಕವಾಗಿವೆ, ಆದರೆ ಕರ್ನಲ್ ಪಟ್ಟಿಯಲ್ಲಿರುವ ಚಿಪ್‌ಗಳಿಗೆ ಮಾತ್ರ. ಪಟ್ಟಿಯಲ್ಲಿಲ್ಲದ ಯಂತ್ರ ಅದೇ ರೀತಿ ವರ್ತಿಸಿದರೆ ಗ್ರಬ್ ಸಾಲಿಗೆ ‘ಎಕ್ಸ್‌ಎಚ್‌ಸಿಐ_ಎಚ್‌ಸಿಡಿ.ಕ್ವರ್ಕ್ಸ್=270336’ ಎಂದು ಸೇರಿಸಿ ನೋಡಬಹುದು. ಆ ವಿಚಿತ್ರ ಸಂಖ್ಯೆ ಮಂತ್ರವೇನಲ್ಲ: ಮೊದಲ ಮದ್ದಿನ ಗುರುತು 8192, ಎರಡನೆಯದರದು 262144, ಎರಡನ್ನೂ ಕೂಡಿದರೆ 270336.

ಅದಕ್ಕೂ ಮುನ್ನ ಕೀಬೋರ್ಡ್, ಮೌಸ್, ಪ್ರಿಂಟರ್, ಡಾಂಗಲ್ ಎಲ್ಲ ಕಿತ್ತು ಪವರ್ ಗುಂಡಿಯಿಂದ ಶಟ್‌ಡೌನ್ ಕೊಟ್ಟು ನೋಡಿ. ಆಗ ಆಫ್ ಆಗಿಯೇ ಉಳಿದರೆ ಒಂದೊಂದೇ ಹಾಕುತ್ತಾ ಬನ್ನಿ. ‘/ಪ್ರಾಕ್/ಎಸಿಪಿಐ/ವೇಕಪ್’ ಎಂಬ ಫೈಲ್ ತೆರೆದರೆ ಎಬ್ಬಿಸುವ ಹಕ್ಕು ಯಾರ್‍ಯಾರಿಗಿದೆ ಎಂಬ ಪಟ್ಟಿಯೇ ಇರುತ್ತದೆ. ಅದಕ್ಕೆ ಸಾಧನದ ಹೆಸರು ಬರೆದರೆ ಹಕ್ಕು ಹೋಗುತ್ತದೆ, ಅದೇ ಹೆಸರನ್ನು ಇನ್ನೊಮ್ಮೆ ಬರೆದರೆ ವಾಪಸ್ ಬರುತ್ತದೆ. ಎರಡು ಸಲ ಬರೆದು, ಏನೂ ಉಪಯೋಗವಿಲ್ಲ ಎನ್ನುವವರು ಬೇಕಾದಷ್ಟು ಜನ.

ಬಯೋಸ್‌ನಲ್ಲಿ ನೋಡಬೇಕಾದದ್ದು ಮೂರು. ಗಡಿಯಾರದ ಅಲಾರಂ ಇದ್ದರೆ ತೆಗೆಯಿರಿ. ಇಆರ್‌ಪಿ ಎಂಬ ಆಯ್ಕೆ ಇದ್ದರೆ ಆನ್ ಮಾಡಿ; ಆಫ್ ಆದ ಯಂತ್ರ ಅರ್ಧ ವಾಟಿಗಿಂತ ಹೆಚ್ಚು ತಿನ್ನಬಾರದು ಎಂಬ ಯುರೋಪಿನ ನಿಯಮಕ್ಕೆ ಅನುಕೂಲವಾದ ಸೌಲಭ್ಯ ಅದು, ನಮಗೆ ಸಿಕ್ಕಿದ ಲಾಭವೆಂದರೆ ನೆಟ್‌ವರ್ಕ್ ಕಾರ್ಡು, ಯುಎಸ್‌ಬಿಗಳ ಆ ಕೆಂಡಕ್ಕೇ ನೀರು. ಆಫ್ ಇರುವಾಗ ಯುಎಸ್‌ಬಿಯಿಂದ ಮೊಬೈಲ್ ಚಾರ್ಜ್ ಆಗುವುದು ಮಾತ್ರ ನಿಲ್ಲುತ್ತದೆ. ಮೂರನೆಯದು, ಕರೆಂಟು ಹೋಗಿ ಬಂದಾಗ ಏನು ಮಾಡಬೇಕು ಎಂಬ ಆಯ್ಕೆ. ಅದು ‘ಪವರ್ ಆನ್’ ಎಂದಿದ್ದರೆ, ಜನರೇಟರಿನಿಂದ ಲೈನಿಗೆ ಬದಲಿಸುವ ಆ ಒಂದು ಕ್ಷಣಕ್ಕೇ ಮಲಗಿದ್ದ ಕಂಪ್ಯೂಟರ್ ಏಳುತ್ತದೆ. ಯುಪಿಎಸ್ ಇಲ್ಲದ, ಜನರೇಟರ್ ಇರುವ ತೋಟಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಸರಿ ಮಾಡಿಕೊಟ್ಟ ಯಂತ್ರ ಆರು ತಿಂಗಳಿಗೆ ಅದೇ ದೂರು ಹೊತ್ತು ಬಂದರೆ ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ನೋಡಿ, ಸಿಆರ್2032. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಹೆದರಿ ನಾವೆಲ್ಲ ಪ್ಲಗ್ ಕಿತ್ತಿಡುತ್ತೇವೆ, ಕೀಳಲೇಬೇಕು. ಪ್ಲಗ್ ಕಿತ್ತಾಗ ಬಯೋಸ್‌ನ ಗಡಿಯಾರಕ್ಕೆ ಆ ಸೆಲ್ಲೇ ಗತಿ, ಹಲವು ಬೋರ್ಡುಗಳಲ್ಲಿ ನಾವು ಇಟ್ಟ ಆಯ್ಕೆಗಳಿಗೂ ಅದೇ. ಸೆಲ್ ಸತ್ತಿದ್ದರೆ ಎಲ್ಲ ಮೊದಲಿನಂತಾಗಿ, ಇಆರ್‌ಪಿ ಮತ್ತೆ ಆಫ್. ತಾರೀಖು ತಪ್ಪು ತೋರಿಸುತ್ತಿದ್ದರೆ ಅದೇ ಸುಳಿವು. ಮಳೆಗಾಲದಲ್ಲಿ ಇನ್ನೊಂದು ಕಾಟ ಡಬ್ಬದ ಪವರ್ ಗುಂಡಿಯದು. ತಿಂಗಳುಗಟ್ಟಲೆ ತೇವಕ್ಕೆ ಒಳಗೆ ತುಕ್ಕು ಬೂಷ್ಟು ಹಿಡಿದು, ಯಾರೂ ಒತ್ತದಿದ್ದರೂ ಒತ್ತಿದಂತೆ ಆಗುತ್ತದೆ. ಮದರ್‌ಬೋರ್ಡಿನಿಂದ ಗುಂಡಿಯ ಎರಡು ತಂತಿಯ ಕನೆಕ್ಟರ್ ತೆಗೆದಿಟ್ಟು ಒಂದು ರಾತ್ರಿ ಬಿಟ್ಟರೆ ಗೊತ್ತಾಗುತ್ತದೆ.

ಎಡವುವ ಬಗೆಯ ಬಗ್ಗೆ ಹೇಳುವುದು ಕಡಿಮೆ. ಗ್ರಬ್‌ನ ಅಡ್ವಾನ್ಸ್‌ಡ್ ಮೆನುವಿನಿಂದ ಹಿಂದಿನ ಕರ್ನಲ್ ಆರಿಸಿ ನೋಡಿ. ಅದರಲ್ಲಿ ಸರಿಯಾದರೆ ಹೊಸ ಕರ್ನಲ್ ಅಥವಾ ಗ್ರಾಫಿಕ್ಸ್ ಡ್ರೈವರಿನದೇ ತಪ್ಪು. ಕರ್ನಲ್ ಪ್ಯಾನಿಕ್ ಆಗುತ್ತಿದ್ದರೆ, ಅಂದರೆ ಕರ್ನಲ್ಲೇ ಕುಸಿದು ಬೀಳುತ್ತಿದ್ದರೆ, ಅದರ ಕುರುಹು ‘/ವಾರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್’ ಫೋಲ್ಡರಿನಲ್ಲಿ ಸಿಗಬಹುದು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಉಳಿಸಲೆಂದು ಟಿಎಲ್‌ಪಿ ಹಾಕಿದ್ದರೆ ಒಮ್ಮೆ ತೆಗೆದು ನೋಡಿ.

ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಸಾಲನ್ನೆಲ್ಲ ಗ್ರಬ್‌ಗೆ ತುರುಕಬೇಡಿ. ‘ಎಸಿಪಿಐ=ಆಫ್’ ಹಾಕಿದವರ ಯಂತ್ರ ರೀಸ್ಟಾರ್ಟ್ ಆಗುವುದು ನಿಂತಿರುತ್ತದೆ, ನಿಜ; ಆದರೆ ಆಫ್ ಆಗುವ ವಿದ್ಯೆಯನ್ನೇ ಅದು ಮರೆತಿರುತ್ತದೆ. ‘ರೀಬೂಟ್=’ ಎಂಬುದು ರೀಸ್ಟಾರ್ಟ್ ಹೇಗೆ ಮಾಡಬೇಕು ಎನ್ನುವ ಆಯ್ಕೆ, ಈ ಕಾಯಿಲೆಗೆ ಸಂಬಂಧವಿಲ್ಲ. ಬಯೋಸ್ ಅಪ್‌ಡೇಟ್‌ನಿಂದ ಕೆಲವೊಮ್ಮೆ ಗುಣ ಕಾಣುತ್ತದೆ, ಆದರೆ ಅದರ ನಡುವೆ ಕರೆಂಟು ಹೋದರೆ ಬೋರ್ಡೇ ಹೋದೀತು. ಅಂಥ ಕೆಲಸವನ್ನು ಮಳೆ ಕಳೆದ ಮೇಲೆ, ಬ್ಯಾಟರಿ ಗಟ್ಟಿಯಿರುವ ಯುಪಿಎಸ್ ಕೊಟ್ಟು ಮಾಡಿ.

ಏನು ಮಾಡಿದರೂ ಬಗ್ಗದ ಬೋರ್ಡುಗಳೂ ಇವೆ. ಅಂಥದ್ದಕ್ಕೆ ನಾನು ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿಸುತ್ತೇನೆ. ಫ್ಯಾನು ನಿಂತ ಕ್ಷಣ ಅದರ ಸ್ವಿಚ್ ಆರಿಸಿದರೆ ಯಂತ್ರಕ್ಕೆ ಯಾವ ಹಾನಿಯೂ ಇಲ್ಲ. ಮರೆಯದೆ ಬಯೋಸ್‌ನ ಆ ಮೂರನೆಯ ಆಯ್ಕೆಯನ್ನು ‘ಪವರ್ ಆಫ್’ಗೆ ಇಡಿ. ಇಲ್ಲದಿದ್ದರೆ ಬೆಳಿಗ್ಗೆ ಸ್ವಿಚ್ ಹಾಕುತ್ತಲೇ ಕಂಪ್ಯೂಟರ್ ತಾನಾಗಿ ಚಾಲೂ ಆಗುತ್ತದೆ. ಹಾಗೇ ಆಗಲಿ, ಗುಂಡಿ ಒತ್ತಲು ಬಗ್ಗುವುದು ತಪ್ಪಿತು ಎನ್ನುವ ರೈಟರುಗಳೂ ಇದ್ದಾರೆ.